ನನ್ನ ಕೈಯಲ್ಲಷ್ಟೇ ಬಿರಿಯುತ್ತಿದ್ದ ಇಂಜೆಕ್ಷನ್

ಅದನ್ನು ಮೊದಲ ಸಲ ಕೈಗೆ ಕೊಟ್ಟಾಗ ನಾನು ಹಿಂದೆ ಮುಂದೆ ತಿರುಗಿಸಿ ಸೂಜಿ ಎಲ್ಲಿದೆ ಎಂದು ಹುಡುಕಿದೆ. ಇರಲಿಲ್ಲ. ಸೂಜಿ ಇರಬೇಕಾದ ಜಾಗದಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂಥ ಒಂದು ತೂತು ಇತ್ತು.

ಹಿರೇಕೆರೂರು ಮತ್ತು ಹಾನಗಲ್ಲ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ದುಡಿದು, ನಿವೃತ್ತಳಾಗಿ ಸವಣೂರಿನ ನಮ್ಮ ಮನೆಗೆ ಮರಳಿದ್ದ ವರ್ಷ ಅದು. ನಮ್ಮವರು ಪಡಸಾಲೆಯಲ್ಲಿ ಕೂತು ತೋಟದ ವೀಳ್ಯದೆಲೆ ಜೋಡಿಸುತ್ತಿದ್ದರು. ಬಂದವಳು ಹಾನಗಲ್ಲಿನ ಹುಡುಗಿ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದವಳು. ಊಟದ ಡಬ್ಬಿಯ ಚೀಲದಿಂದ ಆ ಸಾಮಾನು ತೆಗೆದು ನನ್ನ ಮುಂದೆ ಇಟ್ಟಿದ್ದಳು.

"ಸೂಜಿ ಎಲ್ಲೈತವಾ?" ಎಂದೆ.

"ಸೂಜಿ ಇಲ್ರಿ ಅಕ್ಕಾರ. ಒಳಗ ಸ್ಪ್ರಿಂಗ್ ಐತ್ರಿ. ಗುಂಡಿ ಒತ್ತಿದ್ರ ಅದು ಔಷಧಾನ ಭಾಳ ಜೋರ ತಳ್ಳತೈತಿ. ಆ ಸಣ್ಣ ತೂತಿನ್ಯಾಗಿಂದ ಬಂದ ನೀರ ತಾನ ಚರ್ಮ ದಾಟಿ ಒಳಗ ಹೋಗ್ತೈತ್ರಿ."

ಸೂಜಿ ಇಲ್ಲದ ಇಂಜೆಕ್ಷನ್ ಹೊಸದಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಹಿರಿಯ ನರ್ಸುಗಳು ಹೇಳುತ್ತಿದ್ದರು: ಹಿಂದೆ ಜನರನ್ನು ಸಾಲಾಗಿ ನಿಲ್ಲಿಸಿ, ಪಿಸ್ತೂಲಿನಂಥದ್ದರಿಂದ ಒಂದೇ ಮೂತಿಯನ್ನು ಒಬ್ಬರ ತೋಳಾದ ಮೇಲೆ ಇನ್ನೊಬ್ಬರ ತೋಳಿಗೆ ಒತ್ತುತ್ತಿದ್ದರಂತೆ. ಕಣ್ಣಿಗೆ ಕಾಣದಷ್ಟು ರಕ್ತ ಆ ಮೂತಿಗೆ ಹಿಂದಿರುಗಿ, ಒಬ್ಬರ ರೋಗ ಇನ್ನೊಬ್ಬರಿಗೆ ಹೋದದ್ದು ಗೊತ್ತಾದ ಮೇಲೆ ಬಿಟ್ಟರಂತೆ. ಅದನ್ನೇ ಕೇಳಿದೆ. ಹುಡುಗಿ ಮುಂದಿನ ತುದಿಯನ್ನು ತಿರುವಿ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು.

"ಈ ತುದಿ ಒಬ್ಬರಿಗೆ ಒಂದ ಸಲ ಅಷ್ಟರಿ. ಆಮ್ಯಾಲ ಕಸಕ್ಕ ಒಗದಬಿಡೂದು. ಹಿಂದಿನ ಭಾಗ ಯಾರ ಮೈಗೂ ತಾಕೂದಿಲ್ಲ."

"ಸರಿ. ನನ್ನ ಕಡೆ ಯಾಕ ಬಂದಿ?"

"ನಾವು ಇಂಜೆಕ್ಷನ್ ಮಾಡಿದವರಲ್ರಿ. ಇದನ್ನ ಹಿಡದು ನೋಡಿ ನಮ್ಮನ್ನ ಬೈಯೋರು ಒಬ್ಬರು ಬೇಕಾಗ್ಯಾರ."

ಆಕೆ ಹೋದ ಮೇಲೆ ನಮ್ಮವರು ಎಲೆಯ ಮೇಲಿನ ಕಣ್ಣು ಎತ್ತದೆ ಹೇಳಿದರು, "ಚುಚ್ಚಲಾರದ ಔಷಧ ಹೆಂಗ ಒಳಗ ಹೋಗ್ತೈತಿ? ಮ್ಯಾಲ ನೀರ ಚಿಮುಕಿಸಿ ಕಳಿಸ್ತಾರ ನೋಡು. ಜನ ನಂಬಲಿ ಅಂತ ನಿನ್ನನ್ನ ಮುಂದ ನಿಲ್ಲಸ್ತಾರ." ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಔಷಧದ ಬಾಟಲಿಯ ಚೀಟಿಯನ್ನು ತೆಗೆಯುವಾಗ ಒಮ್ಮೆ, ತುಂಬುವಾಗ ಒಮ್ಮೆ, ಹಾಕುವ ಮುಂಚೆ ಮತ್ತೊಮ್ಮೆ ಓದುವುದು ನರ್ಸಿನ ಕೆಲಸ. ಆ ಕೆಲಸ ಮಾಡಿ ಮಾಡಿ ಯಾವುದನ್ನೂ ಹೇಳಿದ ಹಾಗೇ ನಂಬದ ಬುದ್ಧಿ ನನಗೆ ಅಂಟಿತ್ತು. ಇವರು ನಿಜವಾಗಿ ಏನು ನಡೆಸಿದ್ದಾರೆ ನೋಡಿಬಿಡೋಣ ಎಂದುಕೊಂಡೇ ಮುಂದಿನ ವಾರ ಶಿಗ್ಗಾವಿಯ ಬಸ್ ಹತ್ತಿದೆ.

ಅವರ ಜಾಗ ಗೊಟಗೋಡಿಯ ದಾರಿಯಲ್ಲಿ, ತಗಡಿನ ಮಾಡಿನ ಒಂದು ಶೆಡ್ಡು. ಅಲ್ಲಿ ಹುಡುಗಿಯ ಪಾಲುದಾರನೂ ಇದ್ದ. ಹಿರೇಕೆರೂರಿನ ಕಡೆಯವನು, ಮೂವತ್ತು ದಾಟಿದವನು, ಮಾತು ಬಹಳ ಕಮ್ಮಿ. ಅಚ್ಚು, ಸ್ಪ್ರಿಂಗು, ಲೋಹದ ಕೆಲಸವೆಲ್ಲ ಅವನದು. ನಮಸ್ಕಾರ ಮಾಡಿದನಾದರೂ ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಅದು ನನಗೆ ಅಷ್ಟಾಗಿ ಸೇರಲಿಲ್ಲ.

"ಇದನ್ನ ಯಾರ ಮ್ಯಾಲ ಹಾಕಿ ನೋಡಾಕತ್ತೀರಿ?" ಎಂದು ಮೊದಲೇ ಕೇಳಿದೆ.

"ಯಾರ ಮ್ಯಾಲೂ ಇಲ್ರಿ," ಎಂದ ಅವನು. "ಪರವಾನಗಿ ಸಿಗೂತನಕ ಮನಷ್ಯಾರ ಮ್ಯಾಲ ಹಾಕೂ ಹಂಗಿಲ್ಲ. ರಬ್ಬರಿನ ಮ್ಯಾಲ, ಬರೇ ಬಣ್ಣದ ನೀರು."

ಬಣ್ಣದ ನೀರಿನ ಬಾಟಲಿಯನ್ನು ಮೂಗಿಗೆ ಹಿಡಿದು ನೋಡಿದೆ. ಬರೀ ನೀರೇ. ಆಮೇಲೆ ಅವನು ರಬ್ಬರಿನ ದಪ್ಪ ತುಂಡಿಗೆ ಮೂತಿ ಒತ್ತಿ ಗುಂಡಿ ಅದುಮಿದ. ಟಪ್ ಎಂದಿತು. ಬ್ಲೇಡಿನಿಂದ ರಬ್ಬರನ್ನು ಸೀಳಿ ತೋರಿಸಿದ: ಮೇಲೆ ಒಂದು ಚುಕ್ಕೆ, ಒಳಗೆ ಬೇರು ಹರಡಿದ ಹಾಗೆ ಕೆಂಪು. ನೀರು ಒಳಗೆ ಹೋಗುವುದಂತೂ ದಿಟವಾಯಿತು. ಮನುಷ್ಯರ ತೋಳು ರಬ್ಬರಲ್ಲ ಎಂದು ಮಾತ್ರ ಹೇಳಿದೆ. ಅವನು ತಲೆಯಾಡಿಸಿದ.

ಅವರ ಮೊದಲ ಮಾದರಿ ಪೂರ್ತಿ ಉಕ್ಕಿನದು. ಕುಟ್ಟಾಣಿಯ ಗುಂಡಿನಷ್ಟು ಭಾರ. ನನಗೆ ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನಲ್ಲಿ ಹಳೆಯ ನೋವು. ಬಾಮು ತಿಕ್ಕಿಕೊಳ್ಳದೆ ಮನೆಯಿಂದ ಹೊರಬೀಳುತ್ತಿರಲಿಲ್ಲ. ಅದನ್ನು ಹಿಡಿದು ರಬ್ಬರಿಗೆ ಒತ್ತುತ್ತ ಸ್ವಲ್ಪ ಹೊತ್ತು ನಿಂತು, ಮೇಜಿನ ಮೇಲಿಟ್ಟೆ.

"ಲಸಿಕಾ ಶಿಬಿರದಾಗ ಎಷ್ಟ ಮಂದಿ ಬರ್ತಾರ ಗೊತ್ತೈತೇನು? ಇದನ್ನ ಹಿಡಕೊಂಡ ಮಧ್ಯಾಹ್ನ ಆಗೂದ್ರಾಗ ಕೈ ಬಿದ್ದ ಹೋಗ್ತೈತಿ. ಯಾವ ನರ್ಸೂ ಮುಟ್ಟೂದಿಲ್ಲ ಇದನ್ನ."

ಹುಡುಗಿಗೆ ಬೇಕಾಗಿದ್ದ ಬೈಗುಳ ಅದೇ ಇರಬೇಕು. ಅಂದಿನಿಂದ ಇಬ್ಬರೂ ಭಾರ ಇಳಿಸುವುದಕ್ಕೆ ಬಿದ್ದರು. ಅದು ಅಂದುಕೊಂಡಷ್ಟು ಸುಲಭವಲ್ಲ ಎಂದು ಅಲ್ಲಿ ಕೂತು ಕೂತು ನನಗೂ ತಿಳಿಯಿತು. ನೀರು ಚರ್ಮ ದಾಟಬೇಕಾದರೆ ಸ್ಪ್ರಿಂಗು ಬಲವಾಗಿರಬೇಕು. ಸ್ಪ್ರಿಂಗನ್ನು ಎಳೆದು ಸಜ್ಜು ಮಾಡಿ ಇಟ್ಟಾಗ ಅದು ಇಡೀ ಹೊತ್ತು ಹೊರಗಿನ ಕವಚವನ್ನು ಒಳಗಿನಿಂದ ನೂಕುತ್ತಲೇ ಇರುತ್ತದೆ. ಕವಚ ತೆಳುವಾದರೆ ಹಗುರ, ಆದರೆ ತಡೆಯಲಿಕ್ಕಿಲ್ಲ. ದಪ್ಪವಾದರೆ ತಡೆಯುತ್ತದೆ, ಆದರೆ ಮತ್ತೆ ಭಾರ. ಕಡೆಗೆ ಹೆಲ್ಮೆಟ್ಟಿನ ಮುಂಗಾಜಿಗೆ ಬಳಸುವಂಥ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ತೆಳುವಾದ ಕವಚ ಮಾಡಿ, ಉದ್ದಕ್ಕೆ ಸಣ್ಣ ಏಣುಗಳನ್ನು ಕೊಟ್ಟರು. ಕೈಯಲ್ಲಿ ಹಿಡಿದರೆ ಸೆಲ್ಲು ಹಾಕದ ಟಾರ್ಚಿನಷ್ಟು ಹಗುರ. ನನಗೆ ಇಷ್ಟವಾಯಿತು. ಬಾಯಿಬಿಟ್ಟು ಹೇಳಲಿಲ್ಲ.

ಅದು ದಿನದ ಬಳಕೆಗೆ ತಡೆಯುತ್ತದೆಯೋ ಇಲ್ಲವೋ ನೋಡಬೇಕಿತ್ತು. ನಾನೊಂದು, ಆ ಪಾಲುದಾರನೊಂದು ತೆಗೆದುಕೊಂಡು, ನರ್ಸಿನ ಹಾಗೆ ಚೀಲದಲ್ಲಿ ಹಾಕಿಕೊಂಡು ಬಸ್ಸು, ಬಿಸಿಲು, ಧೂಳಿನಲ್ಲಿ ತಿರುಗಬೇಕು. ಆಗಾಗ ನೀರು ತುಂಬಿ ರಬ್ಬರಿಗೆ ಒತ್ತಬೇಕು. ಹಂಸಭಾವಿಯಲ್ಲಿ ನನ್ನ ಅಕ್ಕ ಇದ್ದಳು. ಅವಳನ್ನು ನೋಡುವ ನೆಪದಲ್ಲಿ ನಾನು ಊರೂರು ಬಸ್ಸು ಬದಲಿಸುತ್ತ ಹೋಗಿಬರುವುದು ಎಂದಾಯಿತು.

ಒಂದು ದಿನ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ರಬ್ಬರಿಗೆ ಒತ್ತಿದೆ. ಟಪ್ ಅಂದದ್ದೇ ತಡ, ಪಕ್ಕದಲ್ಲಿದ್ದ ಹೆಂಗಸು ತನ್ನ ಕೂಸನ್ನು ಎತ್ತಿಕೊಂಡು ಆಚೆ ಸರಿದಳು.

"ಏನದು?"

"ಇಂಜೆಕ್ಷನ್ ಮಾಡೂದವಾ. ಬರೇ ನೀರೈತಿ."

"ಇಂಜೆಕ್ಷನ್ ಅಂದ್ರ ಸೂಜಿ ಎಲ್ಲಿ?"

ಸುತ್ತ ನಾಲ್ಕು ಜನ ಸೇರಿದರು. ಒಬ್ಬರು ಪಿಸ್ತೂಲಿನಂಥದ್ದು ಎಂದರು. ಕಾಣದಂಗ ಹಾಕೂ ಔಷಧ ಎಂದರೆ ಏನೋ ಇರಬೇಕು ಎಂದು ಇನ್ನೊಬ್ಬರು. ಯಾರ ಕಡೆಯಿಂದ ಬಂದೀರಿ, ಕಾರ್ಡ್ ತೋರಸ್ರಿ ಎಂದು ಮತ್ತೊಬ್ಬರು. ಆಗ ಒಬ್ಬ ಮುದುಕಿ ನನ್ನ ಗುರುತು ಹಿಡಿದು, "ಇವರು ನಮ್ಮ ಅಕ್ಕಾರು, ನಮ್ಮ ಮನಿ ಹುಡುಗರಿಗೆಲ್ಲಾ ಇವರ ಸೂಜಿ ಹಾಕಿದ್ದು," ಎಂದಳು. ಜನ ಕದಲಿದರು. ಕೂಸಿನ ತಾಯಿ ಮಾತ್ರ ಬಸ್ಸು ಬರುವ ತನಕ ನನ್ನ ಚೀಲದ ಮೇಲಿನ ಕಣ್ಣು ತೆಗೆಯಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ನಾನೂ ತೆಗೆಯುತ್ತಿರಲಿಲ್ಲ.

ಅದೇ ಸಂಜೆ ಅಕ್ಕನ ಮನೆಯಲ್ಲಿ ಚೀಲ ಬಿಚ್ಚಿದಾಗ ಮೊದಲ ಬಿರುಕು ಕಂಡೆ. ಹೆಬ್ಬೆರಳು ಕೂರುವ ಜಾಗದ ಕೆಳಗೆ, ಕವಚದ ಕುತ್ತಿಗೆಯಲ್ಲಿ, ಕೂದಲೆಳೆಯಷ್ಟು ತೆಳುವಾಗಿ.

ಶಿಗ್ಗಾವಿಗೆ ತಂದು ತೋರಿಸಿದೆ. ಪಾಲುದಾರ ಅದನ್ನು ಬೆಳಕಿಗೆ ಹಿಡಿದ.

"ಬಿದ್ದಿತ್ತೇನ್ರಿ ಅಕ್ಕಾರ?"

"ಇಲ್ಲ ತಮ್ಮಾ. ಬಿದ್ದಿಲ್ಲ."

"ಬಸ್ಸಿನ್ಯಾಗ ಚೀಲ ಎಲ್ಲೆರೆ ಬಡದಿರಬೇಕು."

"ಚೀಲ ನನ್ನ ಮಡಿಲಾಗ ಇತ್ತು."

ಅವನು ಹೂಂ ಎಂದ. ಆ ಹೂಂನಲ್ಲಿ ನಂಬಿಕೆ ಇರಲಿಲ್ಲ. ಇನ್ನೊಂದು ಕೊಟ್ಟರು. ಅದೂ ಬಿರಿಯಿತು, ಅದೇ ಜಾಗದಲ್ಲಿ. ಮತ್ತೊಂದು ಕೊಟ್ಟರು. ಅದೂ ಹಾಗೆಯೇ. ಅವನದು ಮಾತ್ರ ಮೊದಲ ದಿನ ಕೊಟ್ಟದ್ದೇ ಇತ್ತು, ಗೀರು ಕೂಡ ಇಲ್ಲದೆ. ಅವನು ಬೈಕಿನಲ್ಲಿ ತಿರುಗುವವನು, ಚೀಲವನ್ನು ಡಿಕ್ಕಿಯಲ್ಲಿ ಸ್ಪ್ಯಾನರಿನ ಜೊತೆ ಎಸೆದುಕೊಂಡು ಹೋಗುವವನು. ಅವನದಕ್ಕೆ ಏನೂ ಆಗದೆ, ಮಡಿಲಲ್ಲಿ ಇಟ್ಟುಕೊಂಡ ನನ್ನದು ಮಾತ್ರ ಹೇಗೆ ಬಿರಿಯುತ್ತದೆ?

ನನಗೆ ಒಂದೇ ಉತ್ತರ ಹೊಳೆಯಿತು. ಒಳ್ಳೆಯದನ್ನು ತಾನು ಇಟ್ಟುಕೊಂಡು ಕಳಪೆ ಮಾಲಿನದನ್ನು ನನಗೆ ಕೊಡುತ್ತಿದ್ದಾನೆ. ಅಚ್ಚಿನ ಕೆಲಸವೆಲ್ಲ ಅವನ ಕೈಯಲ್ಲೇ ಇರುವಾಗ ಹುಡುಗಿಗೆ ತಿಳಿಯುವುದಾದರೂ ಹೇಗೆ? ಕವಚ ಸೋತರೆ ಮುದುಕಿ ನರ್ಸು ಬೀಳಿಸಿದಳು ಎಂದರಾಯಿತು. ಅವನು ಅಚ್ಚಿನಿಂದ ಕವಚ ತೆಗೆಯುವಾಗ ಹತ್ತಿರ ಹೋಗಿ ನಿಲ್ಲತೊಡಗಿದೆ. ಅವನು ಕೆಲಸ ನಿಲ್ಲಿಸಿ, "ಏನರ ಬೇಕಾಗಿತ್ತೇನ್ರಿ?" ಎನ್ನುತ್ತಿದ್ದ. ಏನಿಲ್ಲ ಎಂದು ನಾನೂ ಅಲ್ಲೇ ನಿಂತಿರುತ್ತಿದ್ದೆ. ಹುಡುಗಿ ಇಬ್ಬರ ನಡುವೆ ಚಹಾ ತಂದಿಡುತ್ತಿದ್ದಳು. ಅವಳು ನನ್ನನ್ನು ಬಿದ್ದಿತ್ತೇ ಎಂದು ಒಮ್ಮೆಯೂ ಕೇಳಲಿಲ್ಲ ಎನ್ನುವುದು ನನಗೆ ಆಮೇಲೆ ಹೊಳೆದು, ಅದರ ಬಗ್ಗೆಯೂ ಸಂಶಯ ಬಂತು.

ಒಂದು ದಿನ ಇಬ್ಬರೂ ಹೊರಗೆ ಫೋನಿನಲ್ಲಿದ್ದಾಗ ಒಂದು ಕೆಲಸ ಮಾಡಿದೆ. ನನಗೆಂದು ಮೇಜಿನ ಮೇಲಿಟ್ಟಿದ್ದ ಹೊಸದರ ತಳಕ್ಕೆ ಸೂಜಿಯಿಂದ ಸಣ್ಣ ಗುರುತು ಕೆರೆದು ಅವನ ಚೀಲದಲ್ಲಿಟ್ಟೆ. ಅವನದನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ನೋಡಲಿಕ್ಕೆ ಎರಡೂ ಒಂದೇ. ಇನ್ನು ಗೊತ್ತಾಗುತ್ತದೆ ಎಂದುಕೊಂಡು ಸಮಾಧಾನದಿಂದ ಬಸ್ಸು ಹತ್ತಿದೆ.

ಗೊತ್ತಾಯಿತು. ಅವನ ಕೈಯಲ್ಲಿ ಅಷ್ಟು ದಿನ ಗಟ್ಟಿಯಾಗಿದ್ದದ್ದು ನನ್ನ ಕೈಗೆ ಬಂದ ಕೆಲವೇ ದಿನಗಳಲ್ಲಿ ಬಿರಿಯಿತು, ಅದೇ ಕುತ್ತಿಗೆಯಲ್ಲಿ. ಹುಡುಗಿಗೆ ಫೋನ್ ಮಾಡಿ ಕೇಳಿದರೆ, ನನ್ನ ಗುರುತಿದ್ದದ್ದು ಅವನ ಡಿಕ್ಕಿಯಲ್ಲಿ ಸ್ಪ್ಯಾನರಿನ ಜೊತೆ ಸುಖವಾಗಿತ್ತು.

ಆ ದಿನ ಸವಣೂರಿನ ಮನೆಯಲ್ಲಿ ನನಗೆ ಒಂದೇ ಯೋಚನೆ. ಕೆಟ್ಟದ್ದು ಅವನ ಮಾಲಲ್ಲ ಎಂದ ಮೇಲೆ ಕೆಟ್ಟದ್ದು ನನ್ನ ಕೈ. ಬೀಳಿಸಿ ಮರೆಯುತ್ತಿದ್ದೇನೆಯೇ? ಕೈ ನಡುಗುತ್ತಿದೆಯೇ? ಬಟ್ಟಲಿಗೆ ನೀರು ತುಂಬಿಸಿ ಬೆರಳ ತುದಿಯಲ್ಲಿ ಹಿಡಿದು ನಿಂತೆ. ನೀರು ಅಲುಗಲಿಲ್ಲ. ಅದೂ ಸಾಲದೆ ನಮ್ಮವರನ್ನು ಕೇಳಿದೆ, "ನಾ ಇತ್ತಿತ್ಲಾಗ ಏನರ ಮರಿಯಾಕತ್ತೇನೇನು?"

"ನೀ ಮರಿಯೂದು ಒತ್ತಟ್ಟಿಗಿರಲಿ," ಎಂದರು ಅವರು. "ನಾ ಮರತದ್ದೂ ನಿನಗ ನೆನಪಿರ್ತೈತಿ. ಯಾಕ?"

ಏನಿಲ್ಲ ಎಂದೆ.

ಒಡೆದದ್ದನ್ನು ಶಿಗ್ಗಾವಿಗೆ ಒಯ್ದಾಗ ಹುಡುಗಿ ಅದನ್ನು ನನ್ನೆದುರೇ ಬಿಚ್ಚಿದಳು. ಹಿಡಿಕೆಯ ಒಳಗಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ನಳಿಗೆಯೊಂದು ಮೇಜಿನ ಮೇಲೆ ಉರುಳಿತು. ಅವಳು ಥಟ್ಟನೆ ಅದರ ಮೇಲೆ ಕೈ ಇಟ್ಟಳು. ತಡವಾಗಿತ್ತು.

"ಅದೇನು?"

ಅವಳು ಪಾಲುದಾರನ ಕಡೆ ನೋಡಿದಳು. ಅವನೇ ಹೇಳಿದ, "ಪಾರ್ಸಲ್ ಪೆಟಗಿ ಮ್ಯಾಲ ಅಂಟಸ್ತಾರಲ್ರಿ, ಅಂಥಾದ್ದು. ಸ್ಪ್ರಿಂಗಿನ ಒದೆತಕ್ಕ ಏನೂ ಆಗೂದಿಲ್ಲ. ನೆಲಕ್ಕ ಬಿದ್ರ ಕೆಂಪಾಗ್ತೈತಿ."

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. "ಅಂದ್ರ ನನ್ನ ಮ್ಯಾಲ ಕಾವಲ ಇಟ್ಟಿದ್ರಿ."

"ನಿಮ್ಮ ಮ್ಯಾಲ ಅಷ್ಟ ಅಲ್ರಿ. ನಂದರಾಗೂ ಐತಿ."

"ನಿಂದರಾಗ ಇರೂದು ನಿನಗ ಗೊತ್ತಿತ್ತು. ನನಗ ಯಾರು ಹೇಳಿದ್ರು?"

ಹುಡುಗಿ ತಲೆ ತಗ್ಗಿಸಿ, "ಹೇಳಬೇಕಾಗಿತ್ರಿ ಅಕ್ಕಾರ. ಹೇಳಿದ್ರ ನೀವು ಮತ್ತಷ್ಟು ಜ್ವಾಕೀಲೆ ಹಿಡೀತೀರಿ, ಖರೇ ಬಳಕಿ ಹೆಂಗ ಅಂತ ತಿಳಿಯೂದಿಲ್ಲ ಅಂದ್ಕೊಂಡ್ವಿ," ಎಂದಳು.

ನಾನು ಎದ್ದು ಚೀಲ ತೆಗೆದುಕೊಂಡೆ. ಬಾಗಿಲ ತನಕವೂ ಹೋದೆ. ಆದರೆ ಆ ನಳಿಗೆಯ ಬಣ್ಣ ಯಾವುದಿತ್ತು ಎಂಬ ಪ್ರಶ್ನೆ ನನ್ನನ್ನು ಹೊರಗೆ ಹೋಗಗೊಡಲಿಲ್ಲ.

"ಕೈ ತಗಿ," ಎಂದೆ.

ಅವಳು ಕೈ ತೆಗೆದಳು. ನಳಿಗೆ ಬೆಳ್ಳಗಿತ್ತು.

ಪಾಲುದಾರ ಅದನ್ನು ಎತ್ತಿ ನೋಡಿ ಕೆಳಗಿಟ್ಟ. ಹಿಂದೆ ಬಿರಿದವುಗಳಲ್ಲಿದ್ದ ನಳಿಗೆಗಳನ್ನು ಡಬ್ಬಿಯಿಂದ ತೆಗೆದು ಸಾಲಾಗಿ ಇಟ್ಟ. ಎಲ್ಲವೂ ಬೆಳ್ಳಗೆ. "ಮೊದಲಿಂದನೂ ಹಿಂಗ ಐತ್ರಿ," ಎಂದ. "ನೀವು ಬೀಳಿಸಿಲ್ಲ ಅಂತ ಗೊತ್ತಿತ್ತು. ಅದಕ್ಕ ತಲಿ ಕೆಟ್ಟಿತ್ತು. ನೀವು ಒಳಗಿಂದ ಬಿಚ್ಚಿ ಏನರ ಮಾಡಾಕತ್ತೀರೇನೋ ಅಂತ..." ಅಲ್ಲಿಗೆ ನಿಲ್ಲಿಸಿದ.

ಹಾಗಾದರೆ ನಾನೂ ಹೇಳಿಬಿಡುವುದೇ ಒಳ್ಳೆಯದು ಎನಿಸಿತು. "ಇದು ನಂದಲ್ಲ. ನಿಂದು. ಚೀಲದಾಗ ಅದಲಬದಲ ಮಾಡೇನಿ. ನಿನ್ನ ಚೀಲದಾಗ ಇರೂದರ ತಳ ನೋಡು, ಗುರುತೈತಿ."

ಅವನು ಚೀಲ ತೆರೆದು ಗುರುತು ನೋಡಿದ. ಆಗ ಮೊದಲ ಬಾರಿಗೆ ನನ್ನ ಮುಖ ನೋಡಿದ. ಸಿಟ್ಟು ಬಂದಿರಬೇಕು ಎಂದುಕೊಂಡೆ. ಆದರೆ ಅವನು ಕುರ್ಚಿ ಎಳೆದು ನನ್ನೆದುರು ಕೂತು, ಕೈ ಕೊಡಿ ಎಂದ. ಬಲಗೈ ಚಾಚಿದೆ. ಹಿಡಿಯಲಿಲ್ಲ, ಬಗ್ಗಿ ಮೂಸಿದ.

"ಕೈಗೆ ಏನ ಹಚ್ಚೀರಿ?"

"ಬಾಮು. ನೋವಿಗೆ. ಯಾಕ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಹಣೆಗೆ ಕೈ ಹಚ್ಚಿಕೊಂಡು ಕೂತುಬಿಟ್ಟಳು. ಅಂಥ ಗಟ್ಟಿ ಪ್ಲಾಸ್ಟಿಕ್ಕಿಗೆ ಕೆಲವು ಎಣ್ಣೆ, ಔಷಧಗಳು ಆಗಿಬರುವುದಿಲ್ಲವಂತೆ. ಸುಮ್ಮನೆ ಇಟ್ಟ ತುಂಡಿಗೆ ಹಚ್ಚಿದರೆ ಏನೂ ಕಾಣುವುದಿಲ್ಲ. ಒಳಗಿನಿಂದ ಸ್ಪ್ರಿಂಗು ನೂಕುತ್ತಿರುವಾಗ ಹಚ್ಚಿದರೆ ಮಾತ್ರ ಅದು ನಿಧಾನಕ್ಕೆ ಒಳಗಿಳಿದು ಬಿರುಕು ಬಿಡಿಸುತ್ತದಂತೆ.

ನಾನು ಅದನ್ನೂ ನಂಬಲಿಲ್ಲ. ನೋವಿಗೆ ಹಚ್ಚುವ ಬಾಮು ಹೆಲ್ಮೆಟ್ಟಿನ ಗಾಜನ್ನು ಒಡೆಯುತ್ತದೆಯೇ? ಅಚ್ಚಿನ ತಪ್ಪನ್ನು ಬಾಮಿನ ತಲೆಗೆ ಕಟ್ಟಿ ನನ್ನನ್ನೇ ಮತ್ತೆ ಹೊಣೆ ಮಾಡುವ ಉಪಾಯ ಇರಬಹುದಲ್ಲ? "ಮಾಡಿ ತೋರಸ್ರಿ," ಎಂದೆ. "ನನ್ನ ಕಣ್ಣ ಮುಂದ."

ಅವನು ಹೊಸ ಕವಚವೊಂದನ್ನು ಸಜ್ಜು ಮಾಡಿ, ನನ್ನ ಡಬ್ಬಿಯ ಬಾಮನ್ನೇ ಕುತ್ತಿಗೆಗೆ ಸವರಿದ. ನಾನು ಇನ್ನೊಂದನ್ನು ಏನೂ ಸವರದೆ ಪಕ್ಕದಲ್ಲಿಡಲು ಹೇಳಿದೆ. ಮತ್ತೊಂದಕ್ಕೆ ಬರೀ ನೀರು ಸವರಿಸಿದೆ. ಕವಚಗಳನ್ನು ಅವನು ಆರಿಸಬಾರದೆಂದು ರಾಶಿಯಿಂದ ನಾನೇ ಎತ್ತಿಕೊಟ್ಟೆ. ಮೂರನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಅದರೆದುರು ಕುರ್ಚಿ ಹಾಕಿಕೊಂಡೆ. ಊಟಕ್ಕೂ ಏಳಲಿಲ್ಲ, ಹುಡುಗಿ ರೊಟ್ಟಿಯನ್ನು ಅಲ್ಲಿಗೇ ತಂದುಕೊಟ್ಟಳು.

ಮಧ್ಯಾಹ್ನದ ಬಿಸಿಲಿನಲ್ಲಿ ತಗಡು ಸಿಡಿಯುತ್ತಿತ್ತು. ಬಾಮು ಸವರಿದ್ದರಲ್ಲಿ ಮೊದಲು ಒಂದು ಹೊಳಪಿನ ಗೆರೆ ಕಂಡಿತು. ಬೆಳಕಿನ ಆಟ ಇರಬೇಕೆಂದು ಕನ್ನಡಕ ಒರೆಸಿ ನೋಡಿದೆ. ಗೆರೆ ಅಲ್ಲೇ ಇತ್ತು. ಅದರ ಪಕ್ಕ ಇನ್ನೊಂದು ಹುಟ್ಟಿತು. ಬಿಸಿಲು ಕಿಟಕಿ ಬಿಡುವ ಹೊತ್ತಿಗೆ ಎರಡೂ ಕೂಡಿ, ನಾನು ಅಷ್ಟು ಸಲ ನೋಡಿದ್ದ ಅದೇ ಬಿರುಕು ಅದೇ ಜಾಗದಲ್ಲಿ ಬಾಯಿಬಿಟ್ಟಿತು. ಉಳಿದೆರಡು ಹಾಗೇ ಇದ್ದವು.

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ನನ್ನ ತಲೆ ನೆಟ್ಟಗಿತ್ತು, ಕೈ ಗಟ್ಟಿಯಾಗಿತ್ತು. ಆದರೂ ಅವನ್ನೆಲ್ಲ ಒಡೆದದ್ದು ನನ್ನ ಕೈಯೇ.

"ಇದು ನಿಮ್ಮ ಕೈಯಾಗ ಒಡದದ್ದು ಚಲೋ ಆತ್ರಿ," ಎಂದ ಪಾಲುದಾರ. "ಯಾವ ನರ್ಸಿನ ಕೈಯಾಗ ಬಾಮು ಇರೂದಿಲ್ಲ? ಶಿಬಿರದಾಗ ಒಡದಿದ್ರ?"

ಅವನು ಹಾಗೆ ಹೇಳಿದ್ದು ನನ್ನನ್ನು ಸಮಾಧಾನ ಮಾಡಲಿಕ್ಕೋ, ನಿಜವಾಗಿಯೋ ಎಂದು ಬಸ್ಸಿನಲ್ಲಿ ಸವಣೂರಿನ ತನಕ ಯೋಚಿಸಿದೆ. ನಿಜವಾಗಿಯೇ ಇರಬೇಕು. ಮರುವಾರ ಹೋದಾಗ ಪಾರದರ್ಶಕ ಪ್ಲಾಸ್ಟಿಕ್ಕಿನ ರಾಶಿ ಮೂಲೆಗೆ ಹೋಗಿತ್ತು. ಗಾಜಿನ ಎಳೆ ಬೆರೆಸಿದ ಕಪ್ಪು ನೈಲಾನಿನಲ್ಲಿ ಹೊಸ ಕವಚ ಬಂದಿತ್ತು. ಕುತ್ತಿಗೆಯನ್ನು ಸ್ವಲ್ಪ ದಪ್ಪ ಮಾಡಿದ್ದರು. ಮೊದಲಿನದಕ್ಕಿಂತ ತುಸು ಭಾರ. ನಾನು ಮುಖ ಗಂಟಿಕ್ಕಿದೆ. ಹುಡುಗಿ ಹಿಡಿಕೆಯ ಒಳಗನ್ನು ಟೊಳ್ಳು ಮಾಡಿ ಆ ಭಾರವನ್ನೂ ಇಳಿಸಿದಳು. ಆಮೇಲೆ ಮೂವರೂ ಸೇರಿ ಕಂಡಕಂಡದ್ದನ್ನೆಲ್ಲ ಅದಕ್ಕೆ ಸವರಿದೆವು. ಬಾಮು, ಕೊಬ್ಬರಿ ಎಣ್ಣೆ, ಅತ್ತರು, ಸೊಳ್ಳೆಯ ಕ್ರೀಮು, ಸವಣೂರು ಖಾರಾ ತಿಂದ ಎಣ್ಣೆಗೈ, ನಮ್ಮವರ ಎಲೆಯಡಿಕೆಯ ಸುಣ್ಣ. ಕಿಟಕಿಯ ಮುಂದೆ ಕೂರುವ ಕೆಲಸ ನನ್ನದು. ಯಾವುದೂ ಬಿರಿಯಲಿಲ್ಲ. ಬಿರಿಯದ್ದಕ್ಕೂ ಬೇರೇನಾದರೂ ಕಾರಣ ಇದ್ದೀತೆಂದು ನಾನು ಇನ್ನೊಮ್ಮೆ ಸವರಿಸುತ್ತಿದ್ದೆ. ಅವನು ಈಗ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ತಾನೇ ಕುರ್ಚಿ ತಂದಿಡುತ್ತಿದ್ದ.

ಹೊಸ ಕವಚದವು ದೊಡ್ಡ ಊರಿನ ಪರೀಕ್ಷಾಲಯಕ್ಕೆ ಹೋಗಿ ಬಂದಿವೆ. ಎಸೆದರೂ, ಕಾಯಿಸಿದರೂ ತಡೆದವಂತೆ. ಮನುಷ್ಯರ ಮೇಲೆ ಹಾಕಿ ನೋಡುವ ಪರವಾನಗಿಗೆ ಇನ್ನೂ ಕಾಯಬೇಕು. ಮೊನ್ನೆ ಹಾನಗಲ್ಲಿನಲ್ಲಿ ಹುಡುಗಿಯ ಮನೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದಾಗ ಅವಳ ತಾಯಿ ಬಡಿಸುತ್ತ ಕೇಳಿದರು, "ಪರವಾನಗಿ ಬಂದ ಮ್ಯಾಲ ಮೊದಲ ಯಾರ ಹಾಕಿಸ್ಕೊಳ್ಳವರು?"

"ನಾನ," ಎಂದಳು ಹುಡುಗಿ.

"ಹಂಗ ನಡಿಯೂದಿಲ್ಲ. ಯಾರಿಗೆ ಅಂತ ಡಾಕ್ಟರ್ ಹೇಳ್ತಾರ," ಎಂದ ಪಾಲುದಾರ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾರ, ನಿಮ್ಮನ್ನ ಕೇಳಿದ್ರ ಹಾಕಿಸ್ಕೋತೀರೇನ್ರಿ?"

"ನಾ ಹಾಕಿಸ್ಕೊಳ್ಳೂದಿಲ್ಲ," ಎಂದೆ. "ನಾ ಹಾಕ್ತೇನಿ. ಅದೂ ಮುಂದಿನ ತುದಿ ಹೊಸಾದೈತೋ ಇಲ್ಲೋ ನನ್ನ ಕಣ್ಣೀಲೆ ನೋಡಿದ ಮ್ಯಾಲ."

ಅವನು ನಕ್ಕ. ಅವಳ ತಾಯಿ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.